ಹಾಯಿಹಲಗೆಯ ದೂರಪ್ರಯಾಣ: ಹೊರಡುವ ಮುನ್ನ ಮಾಡಬೇಕಾದ ಲೆಕ್ಕ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳು. ಪಾಳಿಯ ಕಾರಣದಿಂದ ಬರಲಾಗದವರ ಅಪೇಕ್ಷೆಯ ಮೇರೆಗೆ ಇಲ್ಲಿ ಅಚ್ಚು ಮಾಡಿದ್ದೇವೆ.)



ಇಂದಿನ ಮಾತಿನ ವಿಷಯವನ್ನು ಹಲಗೆಯ ಮೇಲೆ ಬರೆದು ತೂಗುಹಾಕಿದ ದಿನವೇ ನಿಮ್ಮಲ್ಲಿ ಹಲವರು ನಕ್ಕಿರೆಂಬುದು ನಮ್ಮ ಕಿವಿಗೆ ಬಿದ್ದಿದೆ. ಮೌದಾ ಎಲ್ಲಿ, ಕಡಲು ಎಲ್ಲಿ? ಅರಬ್ಬೀ ಸಮುದ್ರವೂ ಬಂಗಾಳ ಕೊಲ್ಲಿಯೂ ಎರಡೂ ಕೈಗೆ ಸಿಕ್ಕದ ನಾಗಪುರದ ಬಿಸಿಲಿನಲ್ಲಿ ಕುಳಿತು ಹಾಯಿ ಬಿಚ್ಚುವ ಮಾತನ್ನಾಡುವುದು ನಗೆಯ ಸಂಗತಿಯೇ ಸರಿ. ಆದರೆ ಈ ಕೋಣೆಯ ಹಿಂಭಾಗದಲ್ಲಿ, ಹಳೆಯ ಪತ್ರಿಕೆಗಳ ಕಟ್ಟುಗಳ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿರುವ ಆ ಉದ್ದನೆಯ ಬಿಳಿ ಹಲಗೆಯನ್ನು ನೀವೆಲ್ಲರೂ ಕಂಡಿದ್ದೀರಿ. ಕೆಲವರು ಅದರ ಮೇಲೆ ಕೊಡೆ ತೂಗುಹಾಕುವುದೂ ಉಂಟು. ಅದು ಯಾತರದು, ಅದರಿಂದ ಹಿಂದೆ ಏನಾಯಿತು, ಮುಂದೆ ಏನಾಗಬಾರದು ಎಂಬುದೇ ಇಂದಿನ ಮಾತು.

ವಿಷಯ ಗೊತ್ತಿಲ್ಲದವರಿಗಾಗಿ ಮೊದಲು ನಾಲ್ಕು ಮಾತು. ವಿಂಡ್‌ಸರ್ಫಿಂಗ್ ಎಂದು ಕರೆಯುವ ಈ ಆಟಕ್ಕೆ ನಾವು ನಮ್ಮೊಳಗೆ ಹಾಯಿಹಲಗೆ ಎಂದು ಹೆಸರಿಟ್ಟುಕೊಂಡಿದ್ದೇವೆ. ತೇಲುವ ಹಲಗೆಯೊಂದು, ಅದರ ನಡುವೆ ಒಂದು ಹಾಯಿಮರ, ಮರದ ಬುಡದಲ್ಲಿ ಎಲ್ಲ ದಿಕ್ಕಿಗೂ ಬಾಗುವ ರಬ್ಬರಿನ ಕೀಲು. ಚುಕ್ಕಾಣಿ ಇಲ್ಲ. ಹಲಗೆಯ ಮೇಲೆ ನಿಂತವನು ಹಾಯಿಯ ಅಡ್ಡಕೋಲನ್ನು ಎರಡೂ ಕೈಗಳಿಂದ ಹಿಡಿದು, ಹಾಯಿಯನ್ನು ಮುಂದಕ್ಕೆ ಹಿಂದಕ್ಕೆ ವಾಲಿಸುತ್ತ ದಿಕ್ಕನ್ನು ನಡೆಸಬೇಕು. ಅಮೆರಿಕದ ಜಿಮ್ ಡ್ರೇಕ್, ಹಾಯ್ಲ್ ಶ್ವೈಟ್ಜರ್ ಎಂಬಿಬ್ಬರು 1960ರ ದಶಕದಲ್ಲಿ ಇದಕ್ಕೆ ಈಗಿನ ರೂಪ ಕೊಟ್ಟು ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿದರು. 1984ರಲ್ಲಿ ಒಲಿಂಪಿಕ್ ಪಂದ್ಯಗಳಿಗೂ ಸೇರಿತು. 2023ರಲ್ಲಿ ಹಾಂಗ್‌ಝೌದಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ನಮ್ಮ ದೇಶದ ಈಬಾದ್ ಅಲಿ ಇದರಲ್ಲಿ ಕಂಚಿನ ಪದಕ ತಂದರು. ಆದುದರಿಂದ ಇದು ಹುಡುಗಾಟಿಕೆಯ ಆಟ ಎಂದು ತಳ್ಳಿಹಾಕುವುದು ಸಲ್ಲದು.

ನಮ್ಮ ಸಂಘಕ್ಕೆ ಈ ಹಲಗೆ ಬಂದ ಬಗೆ ಹೀಗೆ. ವಿದ್ಯುತ್ ಕೇಂದ್ರದಲ್ಲಿ ಗುತ್ತಿಗೆಯ ಕೆಲಸದಲ್ಲಿರುವ ಹೊನ್ನಾವರದ ಕಡೆಯ ತಮ್ಮನೊಬ್ಬ, ಗುಮಾಸ್ತೆಯಾಗಿರುವ ವಿಜಾಪುರದ ಕಡೆಯ ಇನ್ನೊಬ್ಬ, ಇಬ್ಬರೂ ಕೂಡಿ ಮುಂಬಯಿಯಲ್ಲಿ ಹಳೆಯ ಸಾಮಾನು ಮಾರುವವರಿಂದ ಅಗ್ಗಕ್ಕೆ ಕೊಂಡು ತಂದರು. ಒಬ್ಬನು ಅಳಿವೆಯ ನೀರಿನಲ್ಲೇ ಬೆಳೆದವನು. ಇನ್ನೊಬ್ಬನು ಊರ ಬಾವಿಯಲ್ಲಿ ಮಾತ್ರ ಈಜಿದವನು. ಬಾಡಿಗೆಯ ಕೋಣೆಯಲ್ಲಿ ಇಡಲು ಜಾಗವಿಲ್ಲವೆಂದು ಹಲಗೆಯನ್ನು ವಾಚನಾಲಯಕ್ಕೆ ತಂದಿಟ್ಟರು. ನಾವು ಹೂಂ ಎಂದೆವು. ಹೂಂ ಎಂದಮೇಲೆ ಕೇಳಬೇಕಾಗಿದ್ದ ಮಾತುಗಳನ್ನು ಮಾತ್ರ ನಾವು ಕೇಳಲಿಲ್ಲ.

ಎರಡು ಚಳಿಗಾಲಗಳ ಹಿಂದೆ, ಒಂದು ರಜೆಯ ದಿನ, ಇವರಿಬ್ಬರೂ ಹಲಗೆಯನ್ನು ಟೆಂಪೋದಲ್ಲಿ ಹೇರಿಕೊಂಡು ಅಂಭೋರಾಕ್ಕೆ ಹೋದರು. ಕುಹೀ ತಾಲೂಕಿನ ಅಂಭೋರಾವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ನಮ್ಮ ಮೌದಾದ ಬದಿಯಲ್ಲೇ ಹರಿಯುವ ಕನ್ಹಾನ್ ನದಿ ಅಲ್ಲಿ ವೈನ್‌ಗಂಗೆಯನ್ನು ಕೂಡುತ್ತದೆ. ಗೋಸೀಖುರ್ದ್ ಅಣೆಕಟ್ಟಿನ ಹಿನ್ನೀರು ಅಲ್ಲಿಯವರೆಗೂ ಹಬ್ಬಿ ಕಡಲಿನ ಭ್ರಮೆ ಹುಟ್ಟಿಸುತ್ತದೆ. ನಮ್ಮ ಕೇಂದ್ರದ ಬಾಯ್ಲರುಗಳಿಗೆ ಬರುವ ನೀರೂ ಆ ಗೋಸೀಖುರ್ದ್‌ದ್ದೇ. ಬೆಳಿಗ್ಗೆ ಹನ್ನೊಂದಕ್ಕೆ ಬಡಗಣ ಗಾಳಿ ಹಿತವಾಗಿ ಬೀಸುತ್ತಿತ್ತಂತೆ. ಹೊನ್ನಾವರದ ತಮ್ಮನು ಹಲಗೆಯೇರಿ ಹಾಯಿ ಎತ್ತಿದ. ಗುಮಾಸ್ತೆ ತಮ್ಮನು ದಡದಲ್ಲಿ ಚೀಲ ಕಾಯುತ್ತ ಕುಳಿತ. ಗಾಳಿ ಬೆನ್ನಿಗಿದ್ದುದರಿಂದ ಹೋಗುವುದು ಎಷ್ಟು ಸುಲಭವಾಯಿತೆಂದರೆ, ತಿರುಗಿ ನೋಡಿದಾಗ ದೇವಸ್ಥಾನದ ಗುಡ್ಡ ಬೆರಳಷ್ಟಾಗಿತ್ತು. ಮರಳಲು ಹೊರಟಾಗ ಅದೇ ಗಾಳಿ ಎದುರಿಗೆ ನಿಂತಿತು. ಗಾಳಿಗೆ ನೇರ ಎದುರಾಗಿ ಯಾವ ಹಾಯಿಯೂ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಹಾವಿನ ಹಾಗೆ ಹೊರಳುತ್ತ ಬರಬೇಕು. ಒಂದು ಕಿಲೋಮೀಟರಿನ ದಾರಿ ಒಂದೂವರೆಯಾಗುತ್ತದೆ. ಕೈಸೋತ ಹೊಸಬನಿಗೆ ಮೂರೂ ಆಗುತ್ತದೆ. ಎಷ್ಟೋ ಸಲ ನೀರಿಗೆ ಬಿದ್ದು, ಎಷ್ಟೋ ಸಲ ಹಾಯಿಯನ್ನು ಹಗ್ಗದಿಂದ ಮೇಲೆಳೆದು, ನಾಲ್ಕು ಗಂಟೆಯ ಹೊತ್ತಿಗೆ ಅವನ ಬೆರಳುಗಳು ಮಡಚಲೊಲ್ಲವಾದವು. ಕತ್ತಲಾಯಿತು. ಫೋನು ಜೇಬಿನಲ್ಲಿ ನೀರು ಕುಡಿದು ಸತ್ತಿತ್ತು. ಸೀಟಿ ಇಲ್ಲ, ದೀಪವಿಲ್ಲ, ಮೈಮೇಲೆ ಲೈಫ್ ಜಾಕೆಟ್ಟೂ ಇಲ್ಲ.

ದಡದಲ್ಲಿದ್ದವನು ಏನು ಮಾಡಬೇಕೆಂದು ತೋಚದೆ ಏಳು ಗಂಟೆಯವರೆಗೂ ಕಾದ. ಬಳಿಕ ನಮಗೆ ಫೋನು ಮಾಡಿದ. ಅವರು ರಾಮಟೇಕಕ್ಕೆ ಹೋಗಿದ್ದಾರೆಂದು ನಾವು ತಿಳಿದಿದ್ದೆವು. ಎಲ್ಲಿಂದ ಹೊರಟ, ಎತ್ತ ಹೊರಟ, ಎಷ್ಟು ಹೊತ್ತಿಗೆ ಬರಬೇಕಾಗಿತ್ತು ಎಂಬ ಮೂರು ಪ್ರಶ್ನೆಗಳಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಆ ರಾತ್ರಿ ನಾವು ಎಂಟು ಮಂದಿ ಟಾರ್ಚು ಹಿಡಿದು ದಡದ ಮೇಲೆ ಕೂಗುತ್ತ ಅಲೆದೆವು. ಈ ಕಡೆಯ ಚಳಿ ನಿಮಗೆ ಗೊತ್ತು. ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುವ ರಾತ್ರಿ ಅದು. ಬೆಳಗಿನ ಜಾವ ಬಲೆ ಎತ್ತಲು ಬಂದ ಢೀವರ ಮೀನುಗಾರರು, ಎದುರು ದಡಕ್ಕೆ ಹತ್ತಿರ, ಮುಳುಗಿ ನಿಂತ ಒಣಮರದ ಬೊಡ್ಡೆಗೆ ಹಲಗೆಯನ್ನು ಕಟ್ಟಿಕೊಂಡು ಅದರ ಮೇಲೆ ಮುದುಡಿ ಮಲಗಿದ್ದವನನ್ನು ಕಂಡು, ತಮ್ಮ ಡೋಂಗಾದಲ್ಲಿ ಹಾಕಿಕೊಂಡು ತಂದರು. ತುಟಿ ನೀಲಿಯಾಗಿತ್ತು; ತನ್ನ ಹೆಸರು ಹೇಳಲು ಹೊತ್ತು ಹಿಡಿಯಿತು. ಆ ಮೀನುಗಾರರು ನಮ್ಮಿಂದ ಚಹದ ಕಾಸನ್ನೂ ತೆಗೆದುಕೊಳ್ಳಲಿಲ್ಲ. ಅವನು ಬದುಕಿದ್ದು ಒಂದೇ ಕಾರಣದಿಂದ: ಹಲಗೆಯನ್ನು ಬಿಟ್ಟು ದಡಕ್ಕೆ ಈಜಲು ಹೋಗಲಿಲ್ಲ. ಅಷ್ಟು ಬುದ್ಧಿ ಅವನಿಗೆ ಊರಿನ ಅಳಿವೆ ಕಲಿಸಿತ್ತು. ಅದರಲ್ಲಿ ನಮ್ಮ ಪಾಲು ಏನೂ ಇಲ್ಲ.

ಈ ಕಥೆಯನ್ನು ಈಗ ಏಕೆ ಎತ್ತಿದೆವೆಂದರೆ, ಅದೇ ಇಬ್ಬರು ತಮ್ಮಂದಿರು ಮೊನ್ನೆ ಕಾರ್ಯಕಾರಿ ಸಮಿತಿಗೆ ಒಂದು ಅರ್ಜಿ ಕೊಟ್ಟಿದ್ದಾರೆ. ದೀಪಾವಳಿಯ ಹೊತ್ತಿಗೆ ಹತ್ತು ದಿನ ರಜೆ ಪಡೆದು, ಕಾರವಾರದಿಂದ ಮಲ್ಪೆಯವರೆಗೆ ಕರಾವಳಿಯುದ್ದಕ್ಕೂ ಹಾಯಿಹಲಗೆಯಲ್ಲಿ ಹೋಗುವುದಾಗಿಯೂ, ಸಂಘವು ಪ್ರಯಾಣದ ವೆಚ್ಚದಲ್ಲಿ ಅಲ್ಪ ನೆರವು ನೀಡಬೇಕಾಗಿಯೂ ಕೇಳಿದ್ದಾರೆ. ಅರ್ಜಿ ಬಂದ ಮಾರನೆಯ ದಿನ ಹೊನ್ನಾವರದಿಂದ ಆ ಹುಡುಗನ ತಾಯಿಯವರ ಫೋನೂ ಬಂತು. ಬೇಡವೆನ್ನಿ ಎಂದು ಬೇಡುತ್ತಾರೆಂದು ನಾವು ನೆನೆದಿದ್ದೆವು. ಅವರು ಹೇಳಿದ್ದು ಬೇರೆ: "ತಮಾ, ಅವ ಕೇಳುವವನಲ್ಲ. ಅವನ ಅಪ್ಪನೂ ಕೇಳುತ್ತಿರಲಿಲ್ಲ. ನೀವಾದರೂ ಸರಿಯಾಗಿ ಲೆಕ್ಕ ಮಾಡಿ ಕಳಿಸಿ." ಆ ತಾಯಿಯ ಮಾತಿಗೆ ತಲೆಬಾಗಿ ನಾವು ಲೆಕ್ಕಕ್ಕೆ ಕುಳಿತೆವು.

ಲೆಕ್ಕ ಶುರುವಾಗುವುದು ಪಂಚಾಂಗದಿಂದ. ನಮ್ಮ ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವುಂಟು. ಮಳೆಗಾಲದ ಕಡಲು ಸೆಪ್ಟೆಂಬರಿನವರೆಗೂ ಮುನಿಸು ಬಿಡುವುದಿಲ್ಲ. ದೀಪಾವಳಿಯ ಹೊತ್ತು ಚೆನ್ನಾಗಿರುತ್ತದಲ್ಲವೇ ಎಂದು ಕೇಳಬಹುದು. ನೋಡುವುದಕ್ಕೆ ಚೆನ್ನ. ಆದರೆ ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಏಳುವುದು ಮುಂಗಾರಿಗೆ ಮುಂಚೆ ಮೇ ತಿಂಗಳಿನಲ್ಲಿ, ಮುಂಗಾರು ಮುಗಿದ ಮೇಲೆ ಅಕ್ಟೋಬರ್, ನವೆಂಬರಿನಲ್ಲಿ. 2019ರ ಅಕ್ಟೋಬರಿನ ಕ್ಯಾರ್, 2017ರ ನವೆಂಬರ್ ಕೊನೆಯಲ್ಲಿ ಎದ್ದ ಓಖಿ ಎರಡೂ ಆ ಹೊತ್ತಿನವೇ. ಓಖಿಯಲ್ಲಿ ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಮರಳಲಿಲ್ಲ. ಹುಟ್ಟಿನಿಂದ ಕಡಲನ್ನು ಬಲ್ಲವರು ಅವರು. ಆದುದರಿಂದ ದೀಪಾವಳಿ ಬೇಡ, ಸಂಕ್ರಾಂತಿ ಕಳೆದ ಮೇಲೆ ಹೋಗಿ ಎಂಬುದು ನಮ್ಮ ಮೊದಲ ತೀರ್ಮಾನ. ಜನವರಿಯೆಂದರೆ ಕಡಲು ಕೆರೆಯಂತೆ ಎಂದು ಮಾತ್ರ ಯಾರೂ ತಿಳಿಯಬಾರದು. 2019ರ ಜನವರಿ 21ರಂದು ಕಾರವಾರದ ಎದುರಿನ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಹೋದರು. ದಡ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಆದದ್ದು ಅದು.

ಎರಡನೆಯದು ಗಾಳಿಯ ಲೆಕ್ಕ. ಶಾಲೆಯಲ್ಲಿ ನೆಲಗಾಳಿ, ಕಡಲಗಾಳಿ ಎಂದು ಉರುಹೊಡೆದದ್ದು ಇಲ್ಲಿ ಜೀವದ ಪ್ರಶ್ನೆಯಾಗುತ್ತದೆ. ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗ ತಣಿಯುವುದರಿಂದ ಬೆಳಗಿನವರೆಗೂ ಮೂಡಣ ಗಾಳಿ ದಡದಿಂದ ಕಡಲಿಗೆ ಬೀಸುತ್ತದೆ. ದಡದ ಬಳಿ ನೀರು ಕನ್ನಡಿಯಂತೆ ಕಾಣುತ್ತದೆ, ಹುಡುಗರಿಗೆ ಹೊರಡುವ ಆಸೆಯಾಗುತ್ತದೆ. ಅದೇ ಮೋಸ. ಆ ಗಾಳಿಯಲ್ಲಿ ಹಾಯಿ ಮುರಿದರೆ, ಕೈಸೋತರೆ, ಹಲಗೆ ಹೋಗುವುದು ಅರೇಬಿಯಾದ ಕಡೆಗೆ. ಹೊತ್ತೇರಿದಂತೆ ನೆಲ ಕಾದು, ಮಧ್ಯಾಹ್ನದ ಸುಮಾರಿಗೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಇಳಿಹೊತ್ತಿನಲ್ಲಿ ಬಲಗೊಂಡು ಸೂರ್ಯಾಸ್ತದ ಹೊತ್ತಿಗೆ ಮಲಗುತ್ತದೆ. ಈ ಗಾಳಿಯಲ್ಲಿ ಏನು ಕೆಟ್ಟರೂ ಹಲಗೆ ದಡಕ್ಕೇ ಬರುತ್ತದೆ. ಅಲ್ಲದೆ ವಾಯವ್ಯದ ಗಾಳಿಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹೋಗುವವನಿಗೆ ಅದು ಬೆನ್ನಿನ ಬಲಮಗ್ಗುಲಿಗೆ ಸಿಕ್ಕುತ್ತದೆ, ಹಾಯಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಇಂಜಿನ್ನಿಲ್ಲದ ಪತ್ತೆಮಾರಿಗಳ ಕಾಲದ ನಮ್ಮ ನಾವಿಕರು ಇದನ್ನು ಪುಸ್ತಕವಿಲ್ಲದೆ ಬಲ್ಲವರಾಗಿದ್ದರು. ದಿಕ್ಕಿನ ವಿಷಯದಲ್ಲಿ ನಮ್ಮ ತಮ್ಮಂದಿರ ಅರ್ಜಿ ಸರಿಯಾಗಿಯೇ ಇದೆ, ಅದನ್ನು ಮೆಚ್ಚಬೇಕು. ಆದರೆ ಬೆಳಿಗ್ಗೆ ಆರಕ್ಕೆ ಹೊರಡುವುದಾಗಿ ಬರೆದದ್ದನ್ನು ನಾವು ಹೊಡೆದುಹಾಕಿದ್ದೇವೆ. ಕಡಲಗಾಳಿ ನೆಲೆಗೊಂಡ ಮೇಲೆಯೇ ಹೊರಡತಕ್ಕದ್ದು.

ಗಾಳಿಯ ಬಲದ ಬಗ್ಗೆ ಫಿಟ್ಟರರಿಗೂ ಗುಮಾಸ್ತರಿಗೂ ಸಮನಾಗಿ ತಿಳಿಯುವ ಒಂದು ಲೆಕ್ಕವಿದೆ. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಗಂಟೆಗೆ 18 ಕಿ.ಮೀ. ಗಾಳಿಯಲ್ಲಿ ನಗುತ್ತ ಹಿಡಿದಿದ್ದ ಹಾಯಿ 36 ಕಿ.ಮೀ. ಗಾಳಿಯಲ್ಲಿ ತೋಳನ್ನು ಕಿತ್ತುಕೊಂಡು ಹೋಗುತ್ತದೆ. ನೀರಿನ ಮೇಲೆ ಅಲ್ಲಲ್ಲಿ ಬಿಳಿನೊರೆ ಕಾಣತೊಡಗಿದರೆ ಹೊಸಬರು ದಡ ಸೇರುವ ಹೊತ್ತಾಯಿತೆಂದೇ ತಿಳಿಯಬೇಕು.

ಮೂರನೆಯದು ದೂರದ ಲೆಕ್ಕ. ಕಾರವಾರದಿಂದ ಮಲ್ಪೆಗೆ ಕಡಲ ಮೇಲೆ ನೇರ ಗೆರೆ ಎಳೆದರೂ 170 ಕಿ.ಮೀ.ಗೆ ಕಡಮೆಯಿಲ್ಲ. ಕಡಲಗಾಳಿ ಸಿಕ್ಕುವುದು ದಿನಕ್ಕೆ ಐದು ಗಂಟೆ. ಕೊನೆಯ ಗಂಟೆಯನ್ನು ಆಪತ್ತಿಗೆಂದು ಎತ್ತಿಟ್ಟರೆ ನಾಲ್ಕು. ಹುಡುಗರು ಗಂಟೆಗೆ 12 ಕಿ.ಮೀ. ಹೋಗಬಲ್ಲೆವೆಂದಿದ್ದಾರೆ, ಹೋಗಲಿ. ಹಾಗಾದರೆ ದಿನಕ್ಕೆ 48. ಬೀಳುವುದು, ಏಳುವುದು, ದಣಿವು, ಬಾಯಾರಿಕೆ, ಮೀನಿನ ಬಲೆಗಳನ್ನು ಸುತ್ತಿ ಹೋಗುವುದು ಇವೆಲ್ಲಕ್ಕೆ ಅರ್ಧ ಕಳೆಯಿರಿ. ದಿನಕ್ಕೆ 25ಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಇನ್ನು ರಜೆ ಹತ್ತು ದಿನ. ಇಲ್ಲಿಂದ ಹಲಗೆ ಹೊತ್ತು ರೈಲು ಬದಲಿಸುತ್ತ ಹೋಗಿಬರುವುದಕ್ಕೆ ನಾಲ್ಕು ದಿನ. ಅಲ್ಲಿ ಸಾಮಾನು ಜೋಡಿಸಿ ಪರೀಕ್ಷಿಸುವುದಕ್ಕೆ ಒಂದು. ಗಾಳಿ ಮಲಗಿದ ದಿನ, ಗಾಳಿ ಮಿತಿಮೀರಿದ ದಿನ ಎಂದು ಎರಡು. ಉಳಿದದ್ದು ಮೂರು ದಿನ, 75 ಕಿ.ಮೀ. ಮಲ್ಪೆ ಎಲ್ಲಿ ಬಂತು? ರಜೆ ಮುಗಿಯುತ್ತಿದೆ, ಹಾಜರಿ ಹಾಕಬೇಕು ಎಂಬ ಅವಸರದಲ್ಲಿ ಹೊರಡಬಾರದ ದಿನ ಹೊರಡುವುದಿದೆಯಲ್ಲ, ಅದಕ್ಕಿಂತ ದೊಡ್ಡ ಅಪಾಯ ಕಡಲಿನಲ್ಲಿಲ್ಲ. ಗುತ್ತಿಗೆಯ ಕೆಲಸದಲ್ಲಿ ಒಂದು ದಿನ ತಡವಾದರೆ ಏನಾಗುತ್ತದೆಂದು ನಿಮಗೆ ನಾವು ಹೇಳಬೇಕಾದ್ದಿಲ್ಲ.

ಹೀಗೆ ದಾರಿಯನ್ನು ನಾವು ಕತ್ತರಿಸಿದ್ದೇವೆ. ಮೊದಲು ಕತ್ತರಿ ಬಿದ್ದದ್ದು ಕಾರವಾರಕ್ಕೇ. ಕಾರವಾರದ ದಕ್ಷಿಣಕ್ಕೆ, ಬಿಣಗಾ, ಅರ್ಗಾದಿಂದ ಅಂಕೋಲೆಯ ಕಡೆಗೆ ಬಹುದೂರದವರೆಗೆ ನೌಕಾದಳದ ಕದಂಬ ನೆಲೆ ಹಬ್ಬಿಕೊಂಡಿದೆ. ಅಲ್ಲಿ ದಡಕ್ಕೆ ಹತ್ತುವಂತಿಲ್ಲ, ಹತ್ತಿರ ಸುಳಿಯುವಂತೆಯೂ ಇಲ್ಲ. ಮೊದಲ ದಿನವೇ, ಮೈ ಇನ್ನೂ ಪಳಗದಿರುವಾಗ, ಇಳಿಯಲು ಜಾಗವೇ ಇಲ್ಲದ ದಾರಿ ಹಿಡಿಯುವುದು ಬುದ್ಧಿವಂತಿಕೆಯಲ್ಲ. ಆದುದರಿಂದ ಬೇಲೆಕೇರಿಯ ದಕ್ಷಿಣದಿಂದ ಆರಂಭ. ಮೊದಲ ದಿನ ಗೋಕರ್ಣ. ಎರಡನೆಯ ದಿನ ಕುಮಟೆಯನ್ನು ದಾಟಿ ಧಾರೇಶ್ವರ. ಮೂರನೆಯ ದಿನ ಹೊನ್ನಾವರದ ಈಚೆಗಿರುವ ಕರ್ಕಿಯ ಮರಳದಂಡೆ. ಅಲ್ಲಿಗೆ ಮುಗಿಯಿತು. ಶರಾವತಿಯ ಅಳಿವೆಯನ್ನು ದಾಟುವ ಮಾತಿಲ್ಲ.

ಅಳಿವೆಯ ಬಗ್ಗೆ ಒಂದೆರಡು ಮಾತು ಹೆಚ್ಚಾಗಿ ಆಡುವುದು ಅವಶ್ಯ, ಏಕೆಂದರೆ ಬಯಲುಸೀಮೆಯವರಾದ ನಮ್ಮಲ್ಲಿ ಅನೇಕರಿಗೆ ಅದು ಬರೀ ಒಂದು ಶಬ್ದ. ನದಿ ಕಡಲನ್ನು ಸೇರುವ ಬಾಯಿಯಲ್ಲಿ ಮರಳಿನ ದಿಬ್ಬ ಇರುತ್ತದೆ. ಅದು ವರ್ಷ ವರ್ಷ ಜಾಗ ಬದಲಿಸುತ್ತದೆ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತಗಳ ಅಂತರ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಒಂದೂವರೆಯಿಂದ ಎರಡು ಮೀಟರು ಬರುತ್ತದೆ. ಇಳಿತದ ಹೊತ್ತಿನಲ್ಲಿ ನದಿಯ ನೀರೂ ಇಳಿಯುವ ನೀರೂ ಕೂಡಿ ಹೊರಕ್ಕೆ ನುಗ್ಗುತ್ತವೆ. ಹೊರಗಿನಿಂದ ಅಲೆಗಳು ಒಳಕ್ಕೆ ಬರುತ್ತವೆ. ಎರಡೂ ಡಿಕ್ಕಿ ಹೊಡೆದಲ್ಲಿ ಅಲೆ ಗೋಡೆಯಾಗಿ ನಿಂತು ಮುರಿಯುತ್ತದೆ. ಯಂತ್ರದೋಣಿಗಳೇ ಅಲ್ಲಿ ಮಗುಚಿದ್ದುಂಟು. ನಾವು ಗೊತ್ತುಮಾಡಿದ ದಾರಿಯಲ್ಲಿ ಗಂಗಾವಳಿ, ಅಘನಾಶಿನಿ ಎಂಬ ಎರಡು ಅಳಿವೆಗಳಿವೆ. ದಿಬ್ಬದಿಂದ ಬಹಳ ಹೊರಗೆ, ಉಬ್ಬರ ಏರುತ್ತಿರುವ ಹೊತ್ತಿನಲ್ಲಿ ಮಾತ್ರ ಅವನ್ನು ದಾಟಬೇಕು. ಮುಂಚಿನ ದಿನ ಸಂಜೆ ಅಲ್ಲಿಯ ಮೀನುಗಾರರನ್ನು ಕಂಡು, ಈ ವರ್ಷ ದಿಬ್ಬ ಎಲ್ಲಿದೆಯೆಂದು ಕೇಳಬೇಕು. ಖಾರ್ವಿಯವರಾಗಲಿ ಮೊಗವೀರರಾಗಲಿ ಕೇಳಿದವರಿಗೆ ಹೇಳದೆ ಇರುವವರಲ್ಲ. ಕೇಳುವುದಕ್ಕೆ ನಮ್ಮ ಹುಡುಗರಿಗೆ ನಾಚಿಕೆ, ಅಷ್ಟೇ.

ಇನ್ನು ಹೊರಡುವ ಮುನ್ನಿನ ಕಾಗದದ ವಿಷಯ. ಕೇಂದ್ರದಲ್ಲಿ ಕೆಲಸ ಮಾಡುವ ನಮಗೆ ಪರ್ಮಿಟ್ ಎಂದರೇನೆಂದು ಗೊತ್ತು. ಯಾವ ಪಂಪು, ಯಾವ ವಾಲ್ವು, ಯಾರು ಒಳಗಿದ್ದಾರೆ, ಎಷ್ಟು ಹೊತ್ತಿಗೆ ಹೊರಬರುತ್ತಾರೆ ಎಂದು ಬರೆದು ಸಹಿ ಮಾಡದೆ, ಲೈನ್ ಕ್ಲಿಯರ್ ಸಿಗದೆ, ಒಬ್ಬನೂ ಕೈಹಾಕುವುದಿಲ್ಲ. ಕೆಲಸ ಮುಗಿದ ಮೇಲೆ ಪರ್ಮಿಟ್ ಮರಳಿಸದಿದ್ದರೆ ಹುಡುಕುತ್ತ ಬರುತ್ತಾರೆ. ಅಂಭೋರಾದಲ್ಲಿ ನಮಗೆ ಇಲ್ಲದೆ ಹೋದದ್ದು ಇದೇ. ಆದುದರಿಂದ ಸಮಿತಿಯು ಒಂದು ಹಾಳೆಯನ್ನು ಸಿದ್ಧಪಡಿಸಿದೆ. ಎಲ್ಲಿಂದ, ಎಲ್ಲಿಗೆ, ಹೊರಡುವ ಹೊತ್ತು, ಸೇರುವ ಹೊತ್ತು, ನಡುವೆ ಇಳಿಯಬಹುದಾದ ದಂಡೆಗಳು, ಹಾಯಿಯ ಬಣ್ಣ, ಜಾಕೆಟ್ಟಿನ ಬಣ್ಣ. ಗುಮಾಸ್ತೆ ತಮ್ಮನು ನೀರಿಗಿಳಿಯುವುದಿಲ್ಲ. ಅವನು ದಡದ ಮೇಲೆ ಬಾಡಿಗೆಯ ಮೋಟಾರು ಸೈಕಲ್ಲಿನಲ್ಲಿ ಜೊತೆಜೊತೆಗೆ ಸಾಗಿ, ಗೊತ್ತುಮಾಡಿದ ದಂಡೆಗಳಲ್ಲಿ ಕಾಯುತ್ತಾನೆ. ಇದನ್ನು ಅವನು ಮೊದಲು ಅವಮಾನವೆಂದು ತಿಳಿದ. ಬಾಯ್ಲರಿನ ಒಳಗೆ ಇಳಿದವನಿಗಿಂತ ಬಾಗಿಲಲ್ಲಿ ನಿಂತ ಕಾವಲಿನವನ ಕೆಲಸ ಚಿಕ್ಕದಲ್ಲ ಎಂದು ಹೇಳಿ ಒಪ್ಪಿಸಿದೆವು. ಗೊತ್ತುಮಾಡಿದ ಹೊತ್ತಿಗಿಂತ ಒಂದು ಗಂಟೆ ತಡವಾದರೆ ಕಾಯುವುದಿಲ್ಲ, ಯೋಚಿಸುವುದಿಲ್ಲ. ಕರಾವಳಿ ರಕ್ಷಣಾ ಪಡೆಯ 1554ಕ್ಕೆ, ಇಲ್ಲವೆ 112ಕ್ಕೆ ಕರೆ ಮಾಡತಕ್ಕದ್ದು. ಕರಾವಳಿ ಕಾವಲು ಪೊಲೀಸರಿಗೆ ಹಾಳೆಯ ಒಂದು ಪ್ರತಿಯನ್ನು ಮುಂಚಿತವಾಗಿ ಕೊಟ್ಟು, ಅವರ ಅನುಮತಿಯಿಲ್ಲದೆ ಹೊರಡಕೂಡದು.

ಇಷ್ಟೆಲ್ಲ ಅತಿಯಾಯಿತೆಂದು ಯಾರಿಗಾದರೂ ತೋರಿದರೆ, ಕೇಳಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಮೀನುಗಾರಿಕೆ ದೋಣಿ ಏಳು ಮಂದಿಯೊಡನೆ ಕಣ್ಮರೆಯಾಯಿತು. ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಇದೇ ಮಹಾರಾಷ್ಟ್ರದ ಮಾಲ್ವಣದ ಕಡಲಿನ ತಳದಲ್ಲಿ. ಅದೇ 2018ರ ಸೆಪ್ಟೆಂಬರ್ 21ರಂದು, ಒಂಟಿಯಾಗಿ ಜಗತ್ತನ್ನು ಸುತ್ತುವ ಪಂದ್ಯದಲ್ಲಿದ್ದ ನಮ್ಮ ನೌಕಾದಳದ ಅಭಿಲಾಷ್ ಟೋಮಿಯವರು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಬೆನ್ನು ಮುರಿದುಕೊಂಡು, ಏಳಲೂ ಆಗದೆ ಬಿದ್ದಿದ್ದರು. ಆಸ್ಟ್ರೇಲಿಯಾದಿಂದ ಮೂರು ಸಾವಿರ ಕಿ.ಮೀ.ಗೂ ದೂರ ಅದು. ಆದರೂ ಮೂರನೆಯ ದಿನ ಫ್ರಾನ್ಸಿನ ಒಸಿರಿಸ್ ಎಂಬ ಹಡಗು ಅವರನ್ನು ಎತ್ತಿಕೊಂಡಿತು, ಏಕೆಂದರೆ ಅವರು ಎಲ್ಲಿದ್ದಾರೆಂಬುದು ದಡದವರಿಗೆ ತಿಳಿದಿತ್ತು. ಅದೇ ಮಹನೀಯರು 2023ರಲ್ಲಿ ಮತ್ತೆ ಅದೇ ಪಂದ್ಯದಲ್ಲಿ ಎರಡನೆಯವರಾಗಿ ದಡ ಸೇರಿದರು.

ಹಾಯಿಹಲಗೆಯವರಲ್ಲೇ ಎರಡು ಉದಾಹರಣೆಗಳುಂಟು. ಫ್ರಾನ್ಸಿನ ಅರ್ನೋ ದ ರೋಸ್ನೇ ಎಂಬಾತ ಹಲವು ಜಲಸಂಧಿಗಳನ್ನು ದಾಟಿದ ಧೀರ. 1984ರ ನವೆಂಬರಿನಲ್ಲಿ ಚೀನಾ ದಡದಿಂದ ತೈವಾನಿಗೆ ಒಬ್ಬನೇ ಹೊರಟವನು ಮತ್ತೆ ಕಾಣಲಿಲ್ಲ. ಅದೇ ದೇಶದ ಕ್ರಿಸ್ತಿಯಾನ್ ಮಾರ್ತಿ ಎಂಬಾತ ವಿಮಾನ ಚಾಲಕ. 1981ರ ಡಿಸೆಂಬರಿನಲ್ಲಿ ಆಫ್ರಿಕದ ಡಕಾರಿನಿಂದ ಹೊರಟು 37 ದಿನಗಳಲ್ಲಿ ಅಟ್ಲಾಂಟಿಕ್ ಮಹಾಸಾಗರವನ್ನೇ ಹಾಯಿಹಲಗೆಯಲ್ಲಿ ದಾಟಿದ. ರಾತ್ರಿಯೂ ಹಲಗೆಯ ಮೇಲೆಯೇ ಮಲಗುತ್ತಿದ್ದನಾದರೂ ಬೆಂಗಾವಲಿನ ಹಡಗನ್ನು ಬಿಟ್ಟು ಹೋಗಲಿಲ್ಲ. ಧೈರ್ಯದಲ್ಲಿ ಇಬ್ಬರಲ್ಲಿ ಯಾರು ಹೆಚ್ಚೆಂದು ನಾವು ಹೇಳಲಾರೆವು. ವಿಧಿಯ ವಿಷಯ ಬೇರೆ: ಆ ಮಾರ್ತಿಯೇ 2000ದ ಜುಲೈ 25ರಂದು ಪ್ಯಾರಿಸ್ಸಿನ ಬಳಿ ಬಿದ್ದ ಕಾಂಕಾರ್ಡ್ ವಿಮಾನದ ಕ್ಯಾಪ್ಟನ್ನನಾಗಿದ್ದ.

ಸಾಮಾನುಗಳ ಪಟ್ಟಿಯನ್ನು ಓದಿ ನಿಮಗೆ ಬೇಸರ ತರುವುದಿಲ್ಲ, ಗೋಡೆಗೆ ಅಂಟಿಸಿದ್ದೇವೆ. ಮುಖ್ಯವಾದದ್ದು ಮಾತ್ರ: ಲೈಫ್ ಜಾಕೆಟ್ ಹಲಗೆಗೆ ಕಟ್ಟುವ ವಸ್ತುವಲ್ಲ, ಮೈಗೆ ಕಟ್ಟುವ ವಸ್ತು. ಫೋನು ನೀರು ಹೋಗದ ಚೀಲದಲ್ಲಿ, ಕೊರಳಿಗೆ. ಸೀಟಿ, ಸಣ್ಣ ದೀಪ, ಹತ್ತು ಮೀಟರು ಹಗ್ಗ, ಅಡ್ಡಕೋಲಿಗೆ ಕಟ್ಟಲು ಬಿಡಿ ಹುರಿ. ನೀರು ದಿನಕ್ಕೆ ನಾಲ್ಕು ಲೀಟರು; ಶೇಂಗಾ ಚಿಕ್ಕಿ, ಬೆಲ್ಲ. ಹಾಯಿ ಮುರಿದರೆ ಅದನ್ನು ಸುತ್ತಿ ಹಲಗೆಯ ಮೇಲಿಟ್ಟು, ಹೊಟ್ಟೆಯ ಮೇಲೆ ಮಲಗಿ ಕೈಯಿಂದ ಹುಟ್ಟುಹಾಕುವುದನ್ನು ಮೊದಲೇ ಅಭ್ಯಾಸ ಮಾಡಿರಬೇಕು. ಅದೂ ಆಗದಿದ್ದರೆ ಹಲಗೆಯ ಮೇಲೆ ಕುಳಿತು ಎರಡೂ ತೋಳುಗಳನ್ನು ಮಗ್ಗುಲಿಗೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಬೇಕು; ಲೋಕದ ಎಲ್ಲ ನಾವಿಕರೂ ಬಲ್ಲ ಆಪತ್ತಿನ ಸನ್ನೆ ಅದು. ಹಲಗೆಯನ್ನು ಬಿಡಬಾರದು. ನೀರಿನಲ್ಲಿರುವ ಮನುಷ್ಯನ ತಲೆ ತೆಂಗಿನಕಾಯಿಯಷ್ಟು ಕಾಣುತ್ತದೆ; ಹಲಗೆ ದೂರದಿಂದ ಕಾಣುತ್ತದೆ.

ಹವೆಯ ಮುನ್ಸೂಚನೆಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕಡಲಿನ ಅಲೆ, ಗಾಳಿಗಳ ಸ್ಥಿತಿಯನ್ನು ಮುಂಚಿತವಾಗಿ ಪ್ರಕಟಿಸುತ್ತದೆ; ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಡುತ್ತದೆ. ಮೀನುಗಾರರು ಇಳಿಯದ ದಿನ ನಾವೂ ಇಳಿಯುವಂತಿಲ್ಲ. ಇದಕ್ಕೆ ಚರ್ಚೆ ಬೇಡ.

ಅಭ್ಯಾಸ ಎಲ್ಲಿ ಎಂಬ ಪ್ರಶ್ನೆ ಉಳಿಯಿತು. ಗೋವೆಯಲ್ಲಿ ಕೇಂದ್ರ ಸರ್ಕಾರದ ಜಲಕ್ರೀಡಾ ಸಂಸ್ಥೆಯಿದೆ; ಕರ್ನಾಟಕದಲ್ಲಿ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯಿದೆ; ಎರಡು ಕಡೆಗೂ ವಿಚಾರಿಸಿ ಬರೆದಿದ್ದೇವೆ. ಇಲ್ಲಿಯ ಹಿನ್ನೀರಿನಲ್ಲಿ ಅಭ್ಯಾಸ ಮಾಡುವುದಾದರೆ ಅಪ್ಪಣೆ ಪಡೆದು, ದಡಕ್ಕೆ ಬೀಸುವ ಗಾಳಿಯಿರುವಾಗ, ಢೀವರರ ಡೋಂಗಾವೊಂದನ್ನು ಕೂಲಿ ಕೊಟ್ಟು ಜೊತೆಗಿಟ್ಟುಕೊಂಡು ಮಾಡತಕ್ಕದ್ದು. ಮಳೆಗಾಲದಲ್ಲಿ ಖಂಡಿತ ಬೇಡ. ಮೇಲೆ ಪೇಂಚ್ ನದಿಯ ತೋತಲಾಡೋಹ್, ನವೇಗಾಂವ್ ಖೈರಿಗಳ ಬಾಗಿಲು ತೆರೆದರೆ ಕನ್ಹಾನ್ ಹೇಗೆ ಏರುತ್ತದೆಂದು 2020ರ ಆಗಸ್ಟ್ ಕೊನೆಯ ಪ್ರವಾಹವನ್ನು ಕಂಡ ಮೌದಾದವರನ್ನು ಕೇಳಿ. ಕೆಳಗೆ ಗೋಸೀಖುರ್ದ್‌ದ 33 ಬಾಗಿಲುಗಳು ತೆರೆದರೆ ಸೆಳೆತ ಬೇರೆ. ನಾಗಪುರದ ಕೊಳೆಯೂ ನಾಗ್ ನದಿಯ ಮೂಲಕ ಈ ನೀರನ್ನೇ ಸೇರುವುದರಿಂದ ಗಾಯವಿದ್ದವರು ಇಳಿಯಬಾರದು. ಇನ್ನೊಂದು: ನಾಲ್ಕೂವರೆ ಮೀಟರಿನ ಹಾಯಿಮರವನ್ನು ಎತ್ತಿಹಿಡಿದು ವಿದ್ಯುತ್ ತಂತಿಯ ಕೆಳಗೆ ನಡೆಯಬಾರದೆಂದು 2320 ಮೆಗಾವಾಟು ಉತ್ಪಾದಿಸಬಲ್ಲ ಕೇಂದ್ರದಲ್ಲಿ ಕೆಲಸ ಮಾಡುವವರಿಗೆ ಹೇಳಬೇಕಾಗಿ ಬಂದದ್ದು ನಮಗೇ ಸಂಕೋಚ. ಆದರೆ ಅಂಭೋರಾಕ್ಕೆ ಹೋದ ದಿನ ಹಾಗೆಯೇ ನಡೆದಿದ್ದರಂತೆ.

ನೆರವಿನ ಹಣದ ವಿಷಯದಲ್ಲಿ ಸಮಿತಿಯಲ್ಲಿ ಒಮ್ಮತವಿರಲಿಲ್ಲ. ಪುಸ್ತಕ ಕೊಳ್ಳುವ ಹಣದಲ್ಲಿ ಹಲಗೆಯಾಟವೇ ಎಂದು ಹಿರಿಯರೊಬ್ಬರು ಕೇಳಿದ್ದರಲ್ಲಿ ನ್ಯಾಯವಿದೆ. ಕೊನೆಗೆ ಪ್ರಯಾಣಕ್ಕೆ ಹಣ ಕೊಡುವುದಿಲ್ಲ, ಎರಡು ಒಳ್ಳೆಯ ಲೈಫ್ ಜಾಕೆಟ್‌ಗಳನ್ನು ಕೊಂಡು ಸಂಘದ ಸೊತ್ತಾಗಿ ಇಡುವುದು, ಪುಸ್ತಕ ಕೊಡುವ ರಿಜಿಸ್ಟರಿನಲ್ಲೇ ಬರೆದು ಕೊಡುವುದು ಎಂದು ನಿಶ್ಚಯವಾಗಿದೆ. ಮರಳಿಸುವುದು ತಡವಾದರೆ ದಂಡವಿಲ್ಲ. ನಾವೇ ಹುಡುಕಿಕೊಂಡು ಬರುತ್ತೇವೆ.

ತುಂಬಿದ ಹಾಳೆ ಮೇಜಿನ ಮೇಲಿದೆ. ಕಡಲಿನ ಕಡೆಯವರು ದಯವಿಟ್ಟು ಓದಿ, ತಪ್ಪಿದ್ದಲ್ಲಿ ಪೆನ್ಸಿಲ್ಲಿನಿಂದ ಗುರುತು ಮಾಡಿ. ಸಮಿತಿಯ ಸಹಿ ಇನ್ನೂ ಬಿದ್ದಿಲ್ಲ, ಏಕೆಂದರೆ ನಿನ್ನೆ ಹಲಗೆಯನ್ನು ಇಳಿಸಿ ನೋಡಿದಾಗ ಹಾಯಿಮರದ ಬುಡದ ರಬ್ಬರು ಕೀಲಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿದೆ. ಹೊಸ ಕೀಲು ಮುಂಬಯಿಯಿಂದ ಬರಬೇಕು. ಅಲ್ಲಿಯವರೆಗೆ ಕೊಡೆಗಳನ್ನು ಅದರ ಮೇಲೆಯೇ ತೂಗುಹಾಕಲು ಅಡ್ಡಿಯಿಲ್ಲ.